ಬ್ಯಾಕ್ಟೀರಿಯಾದ ಲೋಳೆ ಅಂಗಿ

ಕೆಲವು ವೈನ್ ಗ್ಲಾಸಿಗೆ ಬಗ್ಗಿಸಿದರೆ ಸದ್ದೇ ಆಗುವುದಿಲ್ಲ. ಎಣ್ಣೆಯ ಹಾಗೆ ಮೆಲ್ಲಗೆ ಇಳಿಯುತ್ತದೆ, ಕೊನೆಯ ಹನಿ ನೂಲಿನಂತೆ ಎಳೆ ಬಿಡುತ್ತದೆ. ರುಚಿ ಅಷ್ಟೇನೂ ಕೆಟ್ಟಿರುವುದಿಲ್ಲ. ಆದರೂ ಅದನ್ನು ಕೊಳ್ಳುವವರು ಯಾರು? ಫ್ರಾನ್ಸಿನಲ್ಲಿ ಇದಕ್ಕೆ ‘ಗ್ರೆಸ್’ ಎಂದು ಹೆಸರು, ಅಂದರೆ ಜಿಡ್ಡು.

1866ರಲ್ಲಿ ಲೂಯಿ ಪಾಶ್ಚರ್ ವೈನಿನ ರೋಗಗಳ ಬಗ್ಗೆ ಬರೆದಾಗ ಇದೂ ಅದರಲ್ಲಿತ್ತು. ಅಲ್ಲಿಂದ ನೂರು ವರ್ಷಕ್ಕೂ ಜಾಸ್ತಿ ಕಾಲ ಲೋಳೆ ಎಂದರೆ ರೋಗ, ಅಷ್ಟೇ. ಪೆಡಿಯೊಕಾಕಸ್ ಎಂಬ ಬ್ಯಾಕ್ಟೀರಿಯಾ ಗ್ಲೂಕೋಸನ್ನು ಸರದಂತೆ ಪೋಣಿಸಿ ಬೀಟಾ-ಗ್ಲೂಕಾನ್ ಮಾಡುತ್ತದೆ, ಅದೇ ಆ ಜಿಡ್ಡು ಎಂದು ಆಮೇಲೆ ತಿಳಿಯಿತು.

ವಿಷಯ ಗೋಜಲಾದದ್ದು ಈ ಜಿಡ್ಡು ಮಾಡಿಸುವ ಜೀನ್ ಈನೊಕಾಕಸ್ ಈನಿ ಎಂಬ ಬ್ಯಾಕ್ಟೀರಿಯಾದ ಕೆಲವು ತಳಿಗಳಲ್ಲೂ ಸಿಕ್ಕಾಗ. ಈನೊಕಾಕಸ್ ವೈನ್ ಮಾಡುವವರಿಗೆ ಬೇಕಾದ ಬ್ಯಾಕ್ಟೀರಿಯಾ. ಹಸಿ ಸೇಬಿನಂಥ ಚುರುಕು ಹುಳಿಯ ಮಾಲಿಕ್ ಆಮ್ಲವನ್ನು ಮೊಸರಿನಲ್ಲಿರುವ ಲ್ಯಾಕ್ಟಿಕ್ ಆಮ್ಲವಾಗಿ ಬದಲಿಸಿ ವೈನನ್ನು ಹದ ಮಾಡುತ್ತದೆ. (ನಮ್ಮ ಇಡ್ಲಿ ಹಿಟ್ಟನ್ನು ಉಬ್ಬಿಸುವ ಲ್ಯೂಕೊನೊಸ್ಟಾಕ್ ಇದರ ನೆಂಟ. 1995ರವರೆಗೆ ಎರಡೂ ಒಂದೇ ಕುಲದಲ್ಲಿದ್ದವು.)

2014ರಲ್ಲಿ ಈನೊಕಾಕಸ್ ಈನಿಯ 50 ತಳಿಗಳ ಜೀನೋಮ್ ಪರೀಕ್ಷೆಯ ಫಲಿತಾಂಶ ಬಂತು. ಐವತ್ತರಲ್ಲೂ ಪಾಲಿಸ್ಯಾಕರೈಡ್, ಅಂದರೆ ಇಂಥ ಸಕ್ಕರೆ ಸರದ ಲೋಳೆ, ಮಾಡುವ ಜೀನ್‌ಗಳಿದ್ದವು. ಸುಮ್ನೆ ಯಾವ ಜೀವಿಯಾದರೂ ಇಷ್ಟು ಸಾಮಾನು ಹೊತ್ತು ತಿರುಗುತ್ತದೆಯೇ? ಅದು ಬದುಕುವ ಜಾಗ ನೋಡಿ: ಸುತ್ತ ಆಲ್ಕೋಹಾಲ್, ಹುಳಿ, ಸಾಲದ್ದಕ್ಕೆ ವೈನ್ ಕೆಡದಂತೆ ಹಾಕುವ ಸಲ್ಫರ್ ಡೈಆಕ್ಸೈಡ್. ಹುಳಿ, ಆಲ್ಕೋಹಾಲುಗಳ ಕಾಟ ಹೆಚ್ಚಿದಾಗ ಅದು ಲೋಳೆ ಮಾಡುವ ವೇಗವೂ ಹೆಚ್ಚುತ್ತದೆ ಎಂದು 2018ರ ಸಂಶೋಧನೆ ತೋರಿಸಿತು.

ಈ ಲೋಳೆಯ ನಿಜವಾದ ಬೆಲೆ ಗೊತ್ತಾಗುವುದು ಪುಡಿ ಮಾಡುವಾಗ. ವೈನರಿಗೆ ಬೇಕಾದ ಬ್ಯಾಕ್ಟೀರಿಯಾವನ್ನು ಹೆಪ್ಪುಗಟ್ಟಿಸಿ, ಗಾಳಿ ಎಳೆದು ಒಣಗಿಸಿ ಪ್ಯಾಕೆಟ್ಟಿಗೆ ತುಂಬುತ್ತಾರೆ. ಈ ಹಂತದಲ್ಲಿ ಐಸಿನ ಹರಳುಗಳಿಂದ, ನೀರು ಆರುವುದರಿಂದ ಕೋಶದ ಪೊರೆ ಹಾಳಾಗಿ ಎಷ್ಟೋ ಸಾಯುತ್ತವೆ. ಮೈಗೆ ಅಂಟಿದ ಲೋಳೆ ಅಂಗಿ ಇದ್ದರೆ, ಇಲ್ಲವೇ ಸಕ್ಕರೆ ತಿಂದು ತಾವೇ ಡೆಕ್ಸ್ಟ್ರಾನ್ (ಇದೂ ಗ್ಲೂಕೋಸಿನ ಸರವೇ) ಮಾಡಿಕೊಂಡಿದ್ದರೆ, ಉಳಿಯುವವು ಜಾಸ್ತಿ. ಪುಡಿಯೂ ಹೆಚ್ಚು ದಿನ ಬಾಳುತ್ತದೆ.

ಹಾಗಾಗಿ ಲೋಳೆ ಇದೆಯೋ ಇಲ್ಲವೋ ಎಂದಷ್ಟೇ ನೋಡಿ ತಳಿಯನ್ನು ತಳ್ಳಿಹಾಕುವುದು ಸರಿಯಲ್ಲ. ಅದು ಮೈಮೇಲೆ ನಿಲ್ಲುತ್ತದೆಯೋ, ವೈನಿಗೆ ಬಿಟ್ಟುಕೊಂಡು ಎಳೆ ಎಳೆಯಾಗುತ್ತದೆಯೋ ನೋಡಬೇಕು, ಅಲ್ವಾ? ಎಳೆ ಬಿಟ್ಟ ಮೇಲೆ ಬೀಟಾ-ಗ್ಲೂಕನೇಸ್ ಕಿಣ್ವ ಹಾಕಿ ಕತ್ತರಿಸಬೇಕು, ಇಲ್ಲದಿದ್ದರೆ ಫಿಲ್ಟರ್ ಕಟ್ಟಿಕೊಳ್ಳುತ್ತದೆ.