ಈಸ್ಟರ್ ಮೊಟ್ಟೆಯ ಹಿಂದಿರುವುದು ದೇವತೆಯೋ, ಕೋಳಿಗೂಡೋ?

ಈಸ್ಟರ್ ಬಂತೆಂದರೆ ಪ್ರತಿವರ್ಷ ಅದೇ ವಾದ ಏಳುತ್ತದೆ. ಮೊಟ್ಟೆ, ಮೊಲ ಎಲ್ಲ ಈಯೋಸ್ತ್ರೆ ಎಂಬ ವಸಂತದೇವತೆಯವು, ಚರ್ಚು ಅವನ್ನು ಎರವಲು ಪಡೆಯಿತು ಎನ್ನುವವರು ಕೆಲವರು. ಪುನರುತ್ಥಾನದ ಹಬ್ಬಕ್ಕೂ ಋತುವಿಗೂ ನಂಟೇ ಇಲ್ಲ ಎನ್ನುವವರು ಇನ್ನು ಕೆಲವರು. ಈ ಎಳೆದಾಟದಲ್ಲಿ ಯುರೋಪಿನ ರೈತರ ಹಿತ್ತಲು ಯಾರ ಕಣ್ಣಿಗೂ ಬೀಳುವುದಿಲ್ಲ.

ಋತುವಿನ ನಂಟು ದಿನದ ಲೆಕ್ಕದಲ್ಲೇ ಇದೆ. ಯೇಸು ಶಿಲುಬೆಗೇರಿದ್ದು ಯೆಹೂದ್ಯರ ಪಾಸ್ಖ ಹಬ್ಬದ ಹೊತ್ತಿನಲ್ಲಿ. ಅದು ವಸಂತದ ಹುಣ್ಣಿಮೆಯ ಹಬ್ಬ. ಎಲ್ಲರೂ ಒಂದೇ ದಿನ ಈಸ್ಟರ್ ಆಚರಿಸಬೇಕೆಂದು 325ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪ್ಪರ ಸಭೆ ತೀರ್ಮಾನಿಸಿತು. ಮುಂದೆ ನೆಲೆಗೊಂಡ ನಿಯಮ ಇದು: ಮಾರ್ಚ್ 21ರಂದು ಅಥವಾ ಆಮೇಲೆ ಬರುವ ಮೊದಲ ಹುಣ್ಣಿಮೆ ಕಳೆದ ನಂತರದ ಭಾನುವಾರ. ಸೂರ್ಯ, ಚಂದ್ರ ಇಬ್ಬರನ್ನೂ ಎಣಿಸಿ ಯುಗಾದಿ ಹಿಡಿಯುವ ನಮಗೆ ಈ ಲೆಕ್ಕ ಸುಲಭವಾಗಿ ಅರ್ಥವಾಗುತ್ತದೆ.

ಮೊಟ್ಟೆಯ ಕಥೆಗೆ ಮಾತ್ರ ಕೋಳಿಯನ್ನೇ ಕೇಳಬೇಕು. ಕೋಳಿ ಮೊಟ್ಟೆ ಇಡುವುದು ಹಗಲಿನ ಉದ್ದಕ್ಕೆ ತಕ್ಕಂತೆ. ಬೆಳಕು ಅದರ ತಲೆಬುರುಡೆಯನ್ನೇ ಹಾಯ್ದು ಮಿದುಳನ್ನು ಮುಟ್ಟಿ, ಅಂಡಾಶಯವನ್ನು ಎಚ್ಚರಿಸುವ ಹಾರ್ಮೋನುಗಳನ್ನು ಹೊರಡಿಸುತ್ತದೆ. ಉತ್ತರ ಯುರೋಪಿನ ಚಳಿಗಾಲದಲ್ಲಿ ಹಗಲು ಎಂಟು ಗಂಟೆಗೆ ಕುಗ್ಗಿದಾಗ ಗೂಡು ಬಹುತೇಕ ಬರಿದು. ಹಗಲು ಹಿಗ್ಗುತ್ತ ಹನ್ನೆರಡು ಗಂಟೆ ಮುಟ್ಟುವ ಹೊತ್ತಿಗೆ ಮೊಟ್ಟೆಗಳ ಸುಗ್ಗಿ. ಆದರೆ ಅದೇ ವಾರಗಳಲ್ಲಿ ಈಸ್ಟರ್‌ಗೆ ಮುಂಚಿನ ಉಪವಾಸದ ತಪಸ್ಸುಕಾಲ. ಮಧ್ಯಯುಗದ ಕಟ್ಟುನಿಟ್ಟಿನ ಉಪವಾಸದಲ್ಲಿ ಮಾಂಸದ ಜೊತೆಗೆ ಹಾಲು, ಬೆಣ್ಣೆ, ಮೊಟ್ಟೆಯೂ ವರ್ಜ್ಯ. ಕೋಳಿಗಳು ಇಡುತ್ತಲೇ ಇದ್ದವು, ಮನೆಯವರು ತಿನ್ನುವಂತಿರಲಿಲ್ಲ. ಹೀಗೆ ಕೂಡಿಬಿದ್ದ ಮೊಟ್ಟೆಗಳು ಈಸ್ಟರ್ ದಿನ ಹೊರಬಂದವು: ಚರ್ಚಿನಲ್ಲಿ ಆಶೀರ್ವಾದಕ್ಕೆ, ಒಡೆಯರಿಗೆ ಕಾಣಿಕೆಯಾಗಿ, ಮಕ್ಕಳ ಕೈಗೆ. 1290ರಲ್ಲಿ ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ ಮನೆತನದ ಖರ್ಚಿನ ಪಟ್ಟಿಯಲ್ಲಿ 450 ಮೊಟ್ಟೆಗಳಿಗೆ 18 ಪೆನ್ಸ್ ಎಂದಿದೆ. ಬಣ್ಣ ಬಳಿದು, ಚಿನ್ನದ ರೇಕು ಹೊದಿಸಿ ಹಂಚಲು ತರಿಸಿದ್ದವು. ಪೂರ್ವದ ಚರ್ಚುಗಳಲ್ಲಿ ಕ್ರಿಸ್ತನ ರಕ್ತದ ನೆನಪಿಗೆ ಕೆಂಪು ಮೊಟ್ಟೆ. ಜೇನುಮೇಣದಲ್ಲಿ ಗೆರೆ ಎಳೆದು ಬಣ್ಣದಲ್ಲಿ ಅದ್ದುವ ಉಕ್ರೇನಿನ ಪಿಸಾಂಕ 2024ರಲ್ಲಿ ಯುನೆಸ್ಕೋ ಪಟ್ಟಿಗೂ ಸೇರಿತು. ಹಸಿವು, ಸಂಯಮ, ಸಮೃದ್ಧಿ ಮೂರೂ ಒಂದೇ ಚಿಪ್ಪಿನೊಳಗೆ ಕೂಡಿದ ಈ ಇತಿಹಾಸ ಯಾವ ಪುರಾಣಕ್ಕೂ ಕಡಿಮೆಯಲ್ಲ.

ಇನ್ನು ದೇವತೆ. ಸುಮಾರು 725ರಲ್ಲಿ ಬೀಡ್ ಎಂಬ ಇಂಗ್ಲಿಷ್ ಸನ್ಯಾಸಿ, ತನ್ನ ಪೂರ್ವಜರು ಏಪ್ರಿಲ್ ಹೊತ್ತಿಗೆ ಈಯೋಸ್ತ್ರೆಯ ಹೆಸರಲ್ಲಿ ಹಬ್ಬ ಮಾಡುತ್ತಿದ್ದರೆಂದು ಚುಟುಕಾಗಿ ಬರೆದ. ಅಲ್ಲಿ ಮೊಟ್ಟೆಯೂ ಇಲ್ಲ, ಮೊಲವೂ ಇಲ್ಲ. ಸಾವಿರದ ನೂರು ವರ್ಷ ಕಳೆದು, 1835ರಲ್ಲಿ ಜನಪದ ಕಥೆಗಳ ಸಂಗ್ರಾಹಕ ಯಾಕೋಬ್ ಗ್ರಿಮ್ ಜರ್ಮನಿಯಲ್ಲೂ ಅಂಥ ದೇವತೆ ಇದ್ದಿರಬೇಕೆಂದು ಊಹಿಸಿದ. 1874ರಲ್ಲಿ ಜರ್ಮನ್ ವಿದ್ವಾಂಸ ಅಡಾಲ್ಫ್ ಹೋಲ್ಟ್ಸ್‌ಮನ್ ಮೊಲ ಆಕೆಯ ಪ್ರಾಣಿಯಾಗಿದ್ದಿರಬಹುದು ಎಂದ. ಬಾಯಿಂದ ಬಾಯಿಗೆ ದಾಟುತ್ತ ಆ 'ಬಹುದು' ಉದುರಿಹೋಯಿತು. ಅಷ್ಟರಲ್ಲಾಗಲೇ, 1682ರಲ್ಲಿ ಜರ್ಮನ್ ವೈದ್ಯನೊಬ್ಬ, ಹುಲ್ಲಿನಲ್ಲಿ ಮೊಟ್ಟೆ ಬಚ್ಚಿಡುವ ಈಸ್ಟರ್ ಮೊಲದ ಅಲ್ಸಾಸ್ ಕಡೆಯ ನಂಬಿಕೆಯನ್ನು ವಿವರವಾಗಿ ಬರೆದಿಟ್ಟಿದ್ದ. ಪೈರು ಗಿಡ್ಡವಿರುವ ವಸಂತದಲ್ಲೇ ಬಯಲಲ್ಲಿ ಕಾಡುಮೊಲಗಳ ಓಟ, ಕಾದಾಟ ಎದ್ದು ಕಾಣುವುದು.

ಆಮೇಲಿನದು ಬೇಗ ನಡೆದುಹೋಯಿತು. ಜರ್ಮನ್ ವಲಸಿಗರ ಜೊತೆ ಮೊಲ ಅಮೆರಿಕದ ಪೆನ್ಸಿಲ್ವೇನಿಯಾ ಸೇರಿತು, 1873ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಚಾಕೊಲೇಟ್ ಮೊಟ್ಟೆ ಬಂತು. ಈಸ್ಟರ್ ಹೂವೆನಿಸಿದ, ಜಪಾನಿನ ದಕ್ಷಿಣ ದ್ವೀಪಗಳ ಬಿಳಿ ಲಿಲ್ಲಿ ಅಮೆರಿಕದ ತೋಟಗಳಲ್ಲಿ ತಾನಾಗಿ ಅರಳುವುದು ಬೇಸಿಗೆಯಲ್ಲಿ; ಹಸಿರುಮನೆಯಲ್ಲಿ ಶಾಖ ಹೊಂದಿಸಿ ಅದನ್ನು ಹಬ್ಬಕ್ಕೇ ಅರಳಿಸುತ್ತಾರೆ. ಕೋಳಿಫಾರಂಗಳಲ್ಲಿ ವಿದ್ಯುದ್ದೀಪದ ಬೆಳಕಿನಲ್ಲಿ ವರ್ಷವಿಡೀ ಮೊಟ್ಟೆ.

ಬೆಂಗಳೂರಿನಲ್ಲಿ ವರ್ಷದ ಅತಿ ಉದ್ದದ ಹಗಲಿಗೂ ಗಿಡ್ಡ ಹಗಲಿಗೂ ಒಂದೂವರೆ ಗಂಟೆಯಷ್ಟೇ ವ್ಯತ್ಯಾಸ. ಇಲ್ಲಿ ಈಸ್ಟರ್ ಬರುವುದು ಬಿರುಬೇಸಿಗೆಯಲ್ಲಿ; ಬೇಕರಿಗಳ ಮಾರ್ಜಿಪಾನ್ ಮೊಟ್ಟೆ ನಂಬಿಕೆಯ ಜೊತೆ ಬಂದದ್ದು, ಋತುವಿನಿಂದಲ್ಲ. ಆಸ್ಟ್ರೇಲಿಯಾದಲ್ಲಂತೂ ಈಸ್ಟರ್ ಶರತ್ಕಾಲದ ಹಬ್ಬ. ಯುರೋಪಿನಿಂದ ತಂದು ಬಿಟ್ಟ ಮೊಲಗಳು ಅಲ್ಲಿನ ಹುಲ್ಲು, ಗಿಡಗಳನ್ನು ಬರಿದು ಮಾಡಿ ಆ ನೆಲದ ಮೂಲ ಪ್ರಾಣಿಗಳ ಆಹಾರ ಕಸಿದಿವೆ. ಹಾಗಾಗಿ 1990ರ ದಶಕದಿಂದ ಅಲ್ಲಿನ ಅಂಗಡಿಗಳಲ್ಲಿ ಚಾಕೊಲೇಟ್ ಮೊಲದ ಪಕ್ಕ, ಅಳಿವಿನ ಭೀತಿಯಲ್ಲಿರುವ, ಬಿಲ್ಬಿ ಎಂಬ ಅಲ್ಲಿನ ಉದ್ದಕಿವಿಯ ಪುಟ್ಟ ಪ್ರಾಣಿಯ ಚಾಕೊಲೇಟ್ ಗೊಂಬೆಯೂ ಮಾರಾಟಕ್ಕಿದೆ.