ಏಪ್ರಿಲ್ ಬಿಸಿಲಲ್ಲಿ ಮನೆಯಲ್ಲೇ ಫಿಲ್ಮ್ ತೊಳೆಯಬಹುದೇ?

ಪ್ರಶ್ನೆ: ರಾಯಚೂರು ಕೋಟೆಯಲ್ಲಿ ಒಂದು ಕಪ್ಪು-ಬಿಳುಪು ರೀಲು ಮುಗಿಸಿದ್ದೇನೆ. ಮನೆಯಲ್ಲೇ ತೊಳೆಯುವ ಆಸೆ. ಆದರೆ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 20 ಡಿಗ್ರಿ ಇರಬೇಕಂತೆ, ನಮ್ಮ ನಳದ ನೀರು ಈಗ ಕೈಗೆ ಬಿಸಿ ತಾಗುತ್ತದೆ. ಮಳೆಗಾಲದ ತನಕ ಕಾಯಬೇಕೆ?

ಕಾಯಬೇಡಿ. 20ರ ಹಟ ಬಿಟ್ಟು 24 ಡಿಗ್ರಿಯಲ್ಲಿ ತೊಳೆಯಿರಿ. ಬಿಸಿ ಹೆಚ್ಚಿದಂತೆ ಡೆವಲಪರ್ ಚುರುಕಾಗುತ್ತದೆ, ಹೊತ್ತು ಕಡಿಮೆ ಮಾಡಿದರಾಯಿತು. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಫಿಲ್ಮಿಗೆ ಐಡಿ-11 ಡೆವಲಪರನ್ನು ಸಮಪಾಲು ನೀರು ಬೆರೆಸಿ ಬಳಸಿದರೆ 20 ಡಿಗ್ರಿಯಲ್ಲಿ 13 ನಿಮಿಷ, 24ರಲ್ಲಿ ಹೆಚ್ಚುಕಡಿಮೆ 9. ನೀರು ಬೆರೆಸದಿದ್ದರೆ 5 ನಿಮಿಷದ ಆಸುಪಾಸಿಗೆ ಇಳಿಯುತ್ತದೆ. ಅಷ್ಟು ಕಡಿಮೆ ಹೊತ್ತಿನಲ್ಲಿ ಸುರಿಯುವಾಗ, ಬಸಿಯುವಾಗ ಆಗುವ ಸಣ್ಣ ತಡವೂ ನೆಗೆಟಿವ್ ಮೇಲೆ ಕಾಣುತ್ತದೆ. ಹಾಗಾಗಿ ಬೇಸಿಗೆಯಲ್ಲಿ ನೀರು ಬೆರೆಸಿಯೇ ಬಳಸಿ.

ತಂಪಿಗೆ ಮಣ್ಣಿನ ಗಡಿಗೆ ಸಾಕು. ನಮ್ಮ ಕಡೆಯ ಒಣಹವೆಯಲ್ಲಿ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ರಾತ್ರಿ ತುಂಬಿ, ಒದ್ದೆ ಗೋಣಿಚೀಲ ಸುತ್ತಿಟ್ಟರೆ ನಸುಕಿಗೆ ನಮ್ಮ ಮನೆಯಲ್ಲಿ 26ಕ್ಕೆ ಬಂದಿರುತ್ತದೆ. ಆ ನೀರನ್ನು ಬಕೆಟ್ಟಿಗೆ ಹಾಕಿ, ಡೆವಲಪರ್, ಅದರ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಚಿತ್ರವನ್ನು ಕಾಯಂ ಮಾಡುವ ಫಿಕ್ಸರ್ ಬಾಟಲಿಗಳನ್ನೆಲ್ಲ ಅದರಲ್ಲೇ ನಿಲ್ಲಿಸಿ, ಐಸ್ ಕಟ್ಟಿದ ಒಂದು ಬಾಟಲಿ ನಡುವೆ ಇಡಿ. ಡೆವಲಪರಿಗೇ ಐಸ್ ಹಾಕಬೇಡಿ, ತೆಳುವಾಗುತ್ತದೆ. ಕತ್ತಲಚೀಲದಲ್ಲಿ ಫಿಲ್ಮ್ ಸುತ್ತುವುದನ್ನೂ ನಸುಕಿಗೇ ಮುಗಿಸಿ. ಬೆವರಿದ ಕೈಯಲ್ಲಿ ಅದು ಪ್ಲಾಸ್ಟಿಕ್ ಸುರುಳಿಗೆ ಸಿಕ್ಕಿಕೊಂಡು ಮುಂದೆ ಹೋಗುವುದೇ ಇಲ್ಲ.

ಇಷ್ಟೆಲ್ಲ ಜೋಪಾನ ಮಾಡಿದವರು ಕೊನೆಗೆ ಕೆಡಿಸಿಕೊಳ್ಳುವುದು ನಳದ ಕೆಳಗೆ. ಮಾಳಿಗೆ ಮೇಲಿನ ಟ್ಯಾಂಕಿನ ನೀರು ಸುಡುತ್ತಿರುತ್ತದೆ. ಫಿಲ್ಮಿನ ಮೇಲಿರುವುದು ಜಿಲೆಟಿನ್, ನೀರಲ್ಲಿ ಉಬ್ಬಿ ಮೆತ್ತಗಾಗಿರುತ್ತದೆ. ತಂಪಿನಿಂದ ತಟ್ಟನೆ ಬಿಸಿಗೆ ಹೋದರೆ ಸುಕ್ಕುಗಟ್ಟಿ ಜಾಳಿಗೆಯಂತೆ ಒಡೆಯುತ್ತದೆ. ನನ್ನ ಮೊದಲ ಮೇ ತಿಂಗಳ ರೀಲಿನಲ್ಲಿ ಆ ಜಾಳಿಗೆ ಅಜ್ಜಿಯ ಮುಖದ ಮೇಲೆ ಬಿದ್ದಿತು. ಅದನ್ನು ಅಳಿಸಲು ದಾರಿಯಿಲ್ಲ. ಅಜ್ಜಿಯ ಬೇರೆ ಫೋಟೊ ನನ್ನಲ್ಲಿಲ್ಲ.

ಆದ್ದರಿಂದ ಫಿಕ್ಸರ್ ಆದ ಮೇಲೆ ನೀರಲ್ಲಿ ತೊಳೆಯುವುದಕ್ಕೂ ಅದೇ ಬಕೆಟ್ಟಿನ ನೀರು. ಜಿಲೆಟಿನ್ ಗಟ್ಟಿಮಾಡುವ ಗುಣವಿಲ್ಲದ ಫಿಕ್ಸರ್ ಆದರೆ ಇಲ್ಫರ್ಡ್ ಹೇಳುವ ಕ್ರಮವಿದೆ: ಫಿಲ್ಮ್ ಇರುವ ಡೆವಲಪಿಂಗ್ ಡಬ್ಬಿಗೆ ನೀರು ತುಂಬಿ 5 ಸಲ ತಲೆಕೆಳಗು ಮಾಡಿ ಚೆಲ್ಲಿ, ಮತ್ತೆ ತುಂಬಿ 10, ಮತ್ತೆ 20. ಒಂದು ರೀಲಿಗೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಸಾಕು. ಬೋರಿನ ನೀರು ಒಣಗಿದಾಗ ಬಿಳಿ ಕಲೆ ಉಳಿಸುತ್ತದೆ, ಕೊನೆಯ ಅದ್ದು ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿನಲ್ಲಿ. ಒಣಗಿಸುವಾಗ ಫ್ಯಾನ್ ಬೇಡ, ಧೂಳು ಕೂರುತ್ತದೆ.

ಮುಂದಿನ ರೀಲನ್ನು ಮಧ್ಯಾಹ್ನವೇ ತೆಗೆಯುವುದಾದರೆ ಬೆಳಕಿನ ಮೀಟರಿನಲ್ಲಿ ಫಿಲ್ಮಿನ ವೇಗವನ್ನು (ಐಎಸ್ಒ) 400ರ ಬದಲು 200ಕ್ಕೆ ಇಟ್ಟು, ಡೆವಲಪ್ ಹೊತ್ತನ್ನು ಐದರಲ್ಲೊಂದು ಪಾಲು ಇಳಿಸಿ, 9 ನಿಮಿಷ ಸುಮಾರು 7 ಆಗುತ್ತದೆ. ಬಾಗಿಲ ನೆರಳಿನ ವಿವರವೂ ಸಿಗುತ್ತದೆ, ಬಿಸಿಲಿನ ಕಲ್ಲೂ ಬೆಳ್ಳಗೆ ಸುಡುವುದಿಲ್ಲ. ಕೋಟೆ ಗೋಡೆಯ ಉದ್ದ ಬಂಡೆಯ ಮೇಲಿನ 1294ರ ಶಾಸನಕ್ಕೆ ಮಾತ್ರ ಓರೆಬಿಸಿಲು ಬೀಳುವ ಹೊತ್ತು ನೋಡಿ ಹೋಗಿ. ಆಗಷ್ಟೇ ಅಕ್ಷರಕ್ಕೆ ನೆರಳು ಹುಟ್ಟುತ್ತದೆ.