ಫ್ರಾನ್ಸಿನ ಹಳ್ಳಿಗಾಡಿನಲ್ಲಿ ಕಾರುಗಳ ಕಾಟವಿಲ್ಲದೆ ಸೈಕಲ್ ತುಳಿಯೋದು ಹೇಗೆ?

ಓದುಗರ ಪ್ರಶ್ನೆ: ಮುಂದಿನ ವರ್ಷ ಫ್ರಾನ್ಸಿಗೆ ಹೋಗಿ ಎರಡು ವಾರ ಸೈಕಲ್ ತುಳಿಯುವ ಆಸೆ ಇದೆ. ಊರೂರು ನೋಡುತ್ತಾ, ನಿಧಾನವಾಗಿ. ಲಾರಿ, ಕಾರುಗಳ ಹಿಂಸೆ ಇರಬಾರದು. ಇದಕ್ಕೆ ಸೈಕಲ್ ಪಥಗಳಲ್ಲೇ ಹೋಗಬೇಕಾ? ಮಾಮೂಲಿ ರಸ್ತೆಯಲ್ಲಿ ಹೋದರೆ ಆಗಲ್ವಾ?

ಮಾಮೂಲಿ ರಸ್ತೆಯಲ್ಲೇ ಹೋಗಿ. ಆದರೆ ಯಾವ ಮಾಮೂಲಿ ರಸ್ತೆ ಅನ್ನೋದನ್ನು ನೋಡಿ ಆರಿಸಿಕೊಳ್ಳಬೇಕು.

ನಾನೂ ಮೊದಲ ಸಲ ಸೈಕಲ್ ಪಥಗಳ ಪಟ್ಟಿ ಮಾಡಿಕೊಂಡೇ ಹೊರಟಿದ್ದೆ. ಲ್ವಾರ್ ನದಿಯ ಪಕ್ಕದ ಹೆಸರಾಂತ ದಾರಿಯಲ್ಲಿ ಒಂದು ವಾರ ತುಳಿದೆ. ಸುಮಾರು 900 ಕಿ.ಮೀ. ಉದ್ದದ ದಾರಿ ಅದು. ಚೆನ್ನಾಗಿಯೇ ಇತ್ತು. ಆದರೆ ಆಗಸ್ಟ್ ತಿಂಗಳು. ಕಾರು ಇರಲಿಲ್ಲ, ಜನ ಇದ್ದರು. ಮಕ್ಕಳನ್ನು ಕೂರಿಸಿಕೊಂಡ ಟ್ರೇಲರ್, ಅಡ್ಡ ಬರುವ ನಾಯಿ, ಸಾಲಾಗಿ ಎಲೆಕ್ಟ್ರಿಕ್ ಸೈಕಲ್. ಬೆಲ್ ಹೊಡೆದೂ ಹೊಡೆದೂ ಸಾಕಾಯಿತು. ಒಂದು ಸಂಜೆ ಉಳಿಯಲು ಜಾಗ ಸಿಗದೆ ನದಿ ಬಿಟ್ಟು ಇಪ್ಪತ್ತು ಕಿಲೋಮೀಟರ್ ಒಳಗೆ ಹೋದೆ. ದಾರಿಯುದ್ದಕ್ಕೂ ಸಿಕ್ಕಿದ್ದು ಒಂದು ಟ್ರಾಕ್ಟರ್, ಒಂದು ಹಳದಿ ಅಂಚೆ ವ್ಯಾನು. ಅವತ್ತಿನಿಂದ ಸೈಕಲ್ ಪಥ ಹುಡುಕೋದು ಬಿಟ್ಟೆ. ಯಾರಿಗೂ ಅವಸರಕ್ಕೆ ಬೇಕಾಗದ ರಸ್ತೆ ಯಾವುದು ಅಂತ ಹುಡುಕಲು ಶುರು ಮಾಡಿದೆ.

ಅಂಥ ರಸ್ತೆ ಅಲ್ಲಿ ಅಷ್ಟೊಂದು ಯಾಕಿದೆ? ಫ್ರಾನ್ಸಿನಲ್ಲಿ ಸುಮಾರು 35,000 ಕೊಮ್ಯೂನ್‌ಗಳಿವೆ. ನಮ್ಮ ಗ್ರಾಮ ಪಂಚಾಯಿತಿ ಇದ್ದ ಹಾಗೆ, ಆದರೆ ಇನ್ನೂರು ಜನರ ಹಳ್ಳಿಗೂ ಒಬ್ಬ ಮೇಯರ್, ಅದರದ್ದೇ ರಸ್ತೆಗಳು. ಎಲ್ಲ ಕೊಮ್ಯೂನ್‌ಗಳ ರಸ್ತೆ ಸೇರಿಸಿದರೆ ಸುಮಾರು 7 ಲಕ್ಷ ಕಿ.ಮೀ. ಜಿಲ್ಲೆಗಳು, ಅಂದರೆ ದೆಪಾರ್ತ್‌ಮಾಂಗಳು, ನೋಡಿಕೊಳ್ಳುವ ರಸ್ತೆ ಇನ್ನೊಂದು 3.8 ಲಕ್ಷ. ಹೆದ್ದಾರಿಗಳೆಲ್ಲ ಸೇರಿ 20 ಸಾವಿರದ ಆಸುಪಾಸು ಅಷ್ಟೇ. ಮೂಲೆಯ ದನದ ಕೊಟ್ಟಿಗೆಗೂ ಹಾಲಿನ ಲಾರಿ ಹೋಗಬೇಕಲ್ಲ, ಹಾಗಾಗಿ ಅಲ್ಲಿವರೆಗೂ ಟಾರು.

ರಸ್ತೆ ಉಳಿಯಿತು, ಜನ ಊರು ಬಿಟ್ಟರು. ದೇಶದ ನಡುಭಾಗದ ಕ್ರೂಜ್ ಜಿಲ್ಲೆಯನ್ನೇ ನೋಡಿ. 1851ರಲ್ಲಿ ಅಲ್ಲಿ 2.8 ಲಕ್ಷಕ್ಕೂ ಜಾಸ್ತಿ ಜನರಿದ್ದರು. ಈಗ 1.2 ಲಕ್ಷವೂ ಇಲ್ಲ. ಪ್ಯಾರಿಸ್ ನಗರ ಕಟ್ಟಲು ಗಾರೆ ಕೆಲಸಕ್ಕೆ ಹೋದವರಲ್ಲಿ ಈ ಕ್ರೂಜ್‌ನವರು ಹೆಸರುವಾಸಿ. ಹೋದವರಲ್ಲಿ ಎಷ್ಟೋ ಮಂದಿ ಅಲ್ಲೇ ಉಳಿದರು. ವಿಸ್ತೀರ್ಣದಲ್ಲಿ ಇದು ನಮ್ಮ ಕೊಡಗಿಗಿಂತ ದೊಡ್ಡದು, ಜನಸಂಖ್ಯೆ ಕೊಡಗಿನ ಐದನೇ ಒಂದು ಭಾಗದ ಹತ್ತಿರ. ಈಶಾನ್ಯದಿಂದ ನೈಋತ್ಯಕ್ಕೆ ದೇಶವನ್ನು ಓರೆಯಾಗಿ ಸೀಳುವ ಇಂಥ ಖಾಲಿ ಪಟ್ಟಿಗೆ ಫ್ರೆಂಚರು 'ಶೂನ್ಯದ ಕರ್ಣರೇಖೆ' ಅಂತಲೇ ಹೆಸರಿಟ್ಟಿದ್ದಾರೆ. ಅಲ್ಲಿ ಇರುವವರಿಗೆ ಆ ಹೆಸರು ಇಷ್ಟವಾಗಲ್ಲ, ಪಾಪ. ಸೈಕಲ್‌ನವರಿಗೆ ಮಾತ್ರ ಅದು ಸ್ವರ್ಗ.

ಈಗ ಮ್ಯಾಪ್ ಓದುವ ವಿಷಯ. ಇದೇ ಮುಖ್ಯ.

ರಸ್ತೆಯ ನಂಬರಿನ ಮುಂದೆ ಒಂದು ಅಕ್ಷರ ಇರುತ್ತದೆ. 'ಎ' ಅಂದರೆ ಮೋಟಾರು ಹೆದ್ದಾರಿ, ಸೈಕಲ್ ಬಿಡುವುದೇ ಇಲ್ಲ. 'ಎನ್' ರಾಷ್ಟ್ರೀಯ ರಸ್ತೆ, ದೂರವಿರಿ. 'ಡಿ' ಜಿಲ್ಲಾ ರಸ್ತೆ. 'ಸಿ' ಕೊಮ್ಯೂನ್ ರಸ್ತೆ, ಬಿಳಿ ಫಲಕದ ಮೇಲೆ ಕಪ್ಪಕ್ಷರ. ಈ 'ಸಿ' ಕಂಡರೆ ಕಣ್ಣು ಮುಚ್ಚಿಕೊಂಡು ತಿರುಗಿ. 'ಡಿ' ವಿಷಯದಲ್ಲಿ ಮಾತ್ರ ಸ್ವಲ್ಪ ಹುಷಾರು. ಡಿ4 ಗಿಂತ ಡಿ214 ಸಣ್ಣದು, ನಂಬರು ಬೆಳೆದಂತೆ ರಸ್ತೆ ಸಣ್ಣದಾಗುತ್ತೆ ಅಂತ ಎಲ್ಲರೂ ಹೇಳಿಕೊಡುತ್ತಾರೆ. ಮುಕ್ಕಾಲು ಪಾಲು ನಿಜ. ಉಳಿದ ಕಾಲು ಭಾಗದಲ್ಲೇ ಮೋಸ ಹೋಗೋದು.

ಆಗಿದ್ದಿಷ್ಟು. 2004ರ ಒಂದು ಕಾನೂನಿನ ಪ್ರಕಾರ 2006ರಲ್ಲಿ ಸುಮಾರು 18,000 ಕಿ.ಮೀ. ರಾಷ್ಟ್ರೀಯ ರಸ್ತೆಗಳನ್ನು ಜಿಲ್ಲೆಗಳ ಕೈಗೆ ಕೊಟ್ಟರು. ಅವೆಲ್ಲ 'ಡಿ' ಆದವು. ಹಳೇ ನಂಬರಿಗೆ 6 ಸಾವಿರ ಸೇರಿಸಿ, ಅಥವಾ 800, 900ರ ಸಾಲಿಗೆ ತಂದು ಹೊಸ ನಂಬರು ಕೊಟ್ಟರು. ತುಲೂಜ್‌ನಿಂದ ಕಾರ್ಕಸೋನ್ ಕಡೆ ಹೋಗುವ ಹಳೇ ಎನ್113 ಒಂದು ಜಿಲ್ಲೆಯಲ್ಲಿ ಡಿ813, ಪಕ್ಕದ ಜಿಲ್ಲೆಯಲ್ಲಿ ಡಿ6113. ನಾಲ್ಕಂಕಿ ನಂಬರು ನೋಡಿ ಹಳ್ಳಿ ರಸ್ತೆ ಅಂದುಕೊಂಡು ಹೋದಿರೋ, ಲಾರಿಗಳ ಮಧ್ಯೆ ಸಿಕ್ಕಿಬೀಳುತ್ತೀರಿ. ಪಕ್ಕದಲ್ಲೇ ಮೋಟಾರು ಹೆದ್ದಾರಿ ಇದೆ, ಆದರೆ ಅದಕ್ಕೆ ಟೋಲ್. ಟೋಲ್ ಉಳಿಸುವವರೆಲ್ಲ ಈ ರಸ್ತೆಗೆ ಬರುತ್ತಾರೆ.

ಇದೇ ಲೆಕ್ಕ ಉಲ್ಟಾ ಕೂಡ ಕೆಲಸ ಮಾಡುತ್ತೆ. ಮಿಯೋ ಊರಿನ ಮೇಲೆ ಹೋಗುವ ಎ75 ಹೆದ್ದಾರಿಯಲ್ಲಿ ಆ ಊರಿನ ಪ್ರಸಿದ್ಧ ಸೇತುವೆಯೊಂದನ್ನು ಬಿಟ್ಟರೆ ಟೋಲ್ ಇಲ್ಲ. ಸೇತುವೆ 2004ರ ಡಿಸೆಂಬರ್‌ನಲ್ಲಿ ತೆರೆಯಿತು. ಅಲ್ಲಿವರೆಗೆ ಹಳೇ ಎನ್9ರಲ್ಲಿ ಬೇಸಿಗೆ ರಜೆಯ ಟ್ರಾಫಿಕ್ ಜಾಮ್ ಅಂದರೆ ಇಡೀ ದೇಶಕ್ಕೆ ಗೊತ್ತಿತ್ತು. ಈಗ ಆ ಗಾಡಿಗಳೆಲ್ಲ ಮೇಲೆ ಹೋಗುತ್ತವೆ. ಕೆಳಗಿನ ಹಳೇ ರಸ್ತೆ, ಈಗಿನ ಡಿ809, ಅಗಲವಾಗಿ, ನುಣ್ಣಗೆ ನಿಮಗಾಗಿ ಬಿದ್ದುಕೊಂಡಿದೆ. ಪಕ್ಕದಲ್ಲಿ ಪುಕ್ಕಟೆ ಹೆದ್ದಾರಿ ಇದೆಯಾ ಅಂತ ನೋಡಿ. ಇದ್ದರೆ ಹಳೇ ರಸ್ತೆ ನಿಮ್ಮದು.

ಕಾಗದದ ಮ್ಯಾಪ್ ಇನ್ನೂ ಬೇಕು ಅನ್ನುವ ಹಳೇ ಕಾಲದವನು ನಾನು. ಮಿಶೆಲಿನ್ ಮ್ಯಾಪಿನಲ್ಲಿ ಕೆಂಪು ದೊಡ್ಡ ರಸ್ತೆ, ಹಳದಿ ನಡುವಿನದು, ಬಿಳಿ ಸಣ್ಣದು. ಬಿಳಿ ಗೆರೆಗಳನ್ನು ಒಂದಕ್ಕೊಂದು ಜೋಡಿಸಿಕೊಂಡು ಹೋಗೋದೇ ಆಟ. ಕೆಲವು ರಸ್ತೆಗಳ ಪಕ್ಕ ಹಸಿರು ಅಂಚು ಇರುತ್ತದೆ, ಅಂದರೆ ನೋಡಲು ಚೆಂದದ ದಾರಿ. ಹೊಸಬರು ಅದನ್ನೇ ಹಿಡಿಯುತ್ತಾರೆ. ಸ್ವಾಮಿ, ಆ ಮ್ಯಾಪು ಕಾರಿನವರಿಗೆ ಮಾಡಿದ್ದು! ತಾರ್ನ್ ನದಿಯ ಕಮರಿಯಂಥ ಕಡೆ ಆಗಸ್ಟಿನಲ್ಲಿ ಅದೇ ಹಸಿರು ಗೆರೆಯ ಮೇಲೆ ಮನೆಯಷ್ಟು ದೊಡ್ಡ ಕ್ಯಾಂಪರ್ ವ್ಯಾನುಗಳು ಬರುತ್ತವೆ. ಕಮರಿಯಲ್ಲಿ ಬೇರೆ ದಾರಿಯೂ ಇರಲ್ಲ. ಅಗಲವಾದ ಕಣಿವೆಯಾದರೆ ನದಿಯ ಆ ದಡ ನೋಡಿ. ಸಾಮಾನ್ಯವಾಗಿ ಒಂದು ದಡದಲ್ಲಿ ದೊಡ್ಡ ರಸ್ತೆ, ಇನ್ನೊಂದರಲ್ಲಿ ಬಿಳಿ ಗೆರೆ ಇರುತ್ತದೆ.

ಬಿಳಿ ಗೆರೆಯ ಮೇಲೆ ಬಾಣದ ಗುರುತು ಕಂಡರೆ ಅದು ಏರು. ಒಂದು ಬಾಣ ಅಂದರೆ ನೂರು ಮೀಟರಿಗೆ 5ರಿಂದ 9 ಮೀಟರ್ ಏರು, ಎರಡಾದರೆ 9ರಿಂದ 13, ಮೂರಾದರೆ ಅದಕ್ಕೂ ಮೇಲೆ. ರಸ್ತೆ ಖಾಲಿ ಇದೆ ಅಂದರೆ ಎಷ್ಟೋ ಸಲ ಕಾರಣ ಇದೇ. ಸಣ್ಣ ಗೇರ್ ಇರುವ ಸೈಕಲ್ ತಗೊಳ್ಳಿ. ತಳ್ಳಿಕೊಂಡು ಹೋದರೂ ಅವಮಾನವೇನಿಲ್ಲ.

ಫೋನಿನ ಆ್ಯಪ್‌ಗಳು? ಬಳಸಿ, ಆದರೆ ಕುರುಡಾಗಿ ನಂಬಬೇಡಿ. ಒಮ್ಮೆ ಒಂದು ಆ್ಯಪ್ ಮೂರು ಕಿಲೋಮೀಟರ್ ಉಳಿಸಲು ಹೋಗಿ ನನ್ನನ್ನು ಕಾಡಿನ ಕೆಸರು ದಾರಿಗೆ ಇಳಿಸಿತು. ಮಡ್‌ಗಾರ್ಡ್ ಒಳಗೆಲ್ಲ ಮಣ್ಣು ಕಚ್ಚಿಕೊಂಡು ಚಕ್ರವೇ ತಿರುಗಲಿಲ್ಲ. ಆ್ಯಪ್ ಹಾಕಿದ ದಾರಿಯನ್ನು ಹಿಂದಿನ ರಾತ್ರಿ ಉಪಗ್ರಹ ಚಿತ್ರದ ಮೇಲೆ ಒಮ್ಮೆ ಬೆರಳಾಡಿಸಿ ನೋಡಿ. ಟಾರು ಇದೆಯೋ ಇಲ್ಲವೋ ಗೊತ್ತಾಗುತ್ತೆ.

ಹಾಗಂತ ಸೈಕಲ್ ಪಥಗಳು ಬೇಡವೇ ಬೇಡ ಅಂತಲ್ಲ. ದೊಡ್ಡ ಊರಿಂದ ಹೊರಬೀಳಲು ಅವೇ ಗತಿ. ನಗರದ ಸುತ್ತ ಹದಿನೈದು ಇಪ್ಪತ್ತು ಕಿಲೋಮೀಟರ್ ಬಿಳಿ ಗೆರೆಯೂ ನಂಬಿಕೆಗೆ ಅರ್ಹವಲ್ಲ. ಆಫೀಸಿಗೆ ಹೋಗುವವರು ಅದನ್ನೇ ಅಡ್ಡದಾರಿ ಮಾಡಿಕೊಂಡಿರುತ್ತಾರೆ. ತುಲೂಜ್‌ನಿಂದ ಹೊರಡುವವರಿಗೆ 17ನೇ ಶತಮಾನದಲ್ಲಿ ತೋಡಿದ ಮಿದಿ ಕಾಲುವೆಯ ದಂಡೆ ಇದೆ. ತುಲೂಜ್ ಇರುವ ಜಿಲ್ಲೆ ಮುಗಿಯುವವರೆಗೆ, ಸುಮಾರು 50 ಕಿ.ಮೀ., ಒಳ್ಳೆ ಟಾರು. ಆಮೇಲೆ ಎಷ್ಟೋ ಕಡೆ ಮಣ್ಣು, ಮರದ ಬೇರು. ನಾನಾದರೆ ಅಲ್ಲಿಂದ ಪಕ್ಕದ ಗುಡ್ಡಗಳ ಬಿಳಿ ರಸ್ತೆಗೆ ಹತ್ತಿಬಿಡುತ್ತೇನೆ. ಹಳೇ ರೈಲು ಹಳಿ ಕಿತ್ತು ಮಾಡಿದ 'ಹಸಿರು ದಾರಿ'ಗಳೂ ಇವೆ. ಇಂಥದ್ದರಲ್ಲಿ ಮೊದಲನೆಯದು ಬರ್ಗಂಡಿಯ ಜಿವ್ರಿಯಿಂದ ಕ್ಲೂನಿಗೆ, 1997ರಲ್ಲಿ ಶುರುವಾದದ್ದು. ಕ್ಲೂನಿ ದಾಟಿದ ಮೇಲೆ 1.6 ಕಿ.ಮೀ. ಉದ್ದದ ಸುರಂಗ ಸಿಗುತ್ತದೆ. ಚಳಿಗಾಲದಲ್ಲಿ ಬಾವಲಿಗಳ ನಿದ್ದೆ ಕೆಡಬಾರದು ಅಂತ ಅದನ್ನು ಮುಚ್ಚಿರುತ್ತಾರೆ.

ರಸ್ತೆಯಷ್ಟೇ ಗಂಟೆಯೂ ಮುಖ್ಯ. ಮಧ್ಯಾಹ್ನ ಹನ್ನೆರಡರಿಂದ ಎರಡು ಗಂಟೆ ಹಳ್ಳಿ ಫ್ರಾನ್ಸ್ ಊಟಕ್ಕೆ ಕೂತಿರುತ್ತದೆ. ಹಳದಿ ರಸ್ತೆಯೂ ಆಗ ಬಿಳಿ ರಸ್ತೆಯೇ. ತಪ್ಪಿಸಲಾಗದ ದೊಡ್ಡ ರಸ್ತೆ ಏನಾದರೂ ಇದ್ದರೆ ಆಗ ದಾಟಿಬಿಡಿ, ಅಥವಾ ಭಾನುವಾರ ಬೆಳಿಗ್ಗೆ. ಜುಲೈ, ಆಗಸ್ಟಿನ ಶನಿವಾರಗಳು ಬೇಡ, ಇಡೀ ದೇಶ ರಜೆಗೆ ಹೋಗಿ ಬರುವ ದಿನ. ಮೇ, ಜೂನ್, ಸೆಪ್ಟೆಂಬರ್ ಒಳ್ಳೇದು. ಸೆಪ್ಟೆಂಬರ್‌ನಿಂದ ಬೇಟೆಯ ಕಾಲ, ಕಾಡಿನ ಪಕ್ಕ ಹೋಗುವಾಗ ಕಣ್ಣಿಗೆ ಹೊಡೆಯುವ ಬಣ್ಣ ಹಾಕಿಕೊಳ್ಳಿ.

ಡ್ರೈವರ್‌ಗಳ ಭಯ ಬೇಡ. ಊರ ಹೊರಗೆ ಸೈಕಲ್ ದಾಟುವಾಗ ಒಂದೂವರೆ ಮೀಟರ್ ಜಾಗ ಬಿಡಬೇಕು ಅಂತ ಕಾನೂನಿದೆ, ಹಳ್ಳಿ ಕಡೆ ಹೆಚ್ಚಿನವರು ಪಾಲಿಸುತ್ತಾರೆ. ನೀವು ಮರೆಯಬಾರದ್ದು ಒಂದೇ. ಬಲಗಡೆ ಸಂಚಾರ ಮಾತ್ರವಲ್ಲ, ಫಲಕ ಇಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲ ಹಕ್ಕು. ಸಣ್ಣ ಓಣಿಯಿಂದ ನೋಡದೆ ನುಗ್ಗುವ ಮುದುಕಪ್ಪನ ಕಾರಿಗೂ ಅದೇ ಹಕ್ಕು.

ಖಾಲಿ ರಸ್ತೆಗೆ ಒಂದು ಬೆಲೆ ಇದೆ. ಅಂಗಡಿಯೂ ಖಾಲಿ. ನಲವತ್ತು ಕಿಲೋಮೀಟರ್‌ವರೆಗೆ ಒಂದು ಕಾಫಿ ಕೂಡ ಸಿಗದಿರಬಹುದು. ಇದ್ದ ಒಂದು ಬ್ರೆಡ್ ಅಂಗಡಿ ಸೋಮವಾರ ರಜಾ. 'ಸೈಕಲ್ ಪ್ರವಾಸ' ಅನ್ನುವ ಫ್ರೆಂಚ್ ಪದವನ್ನೇ ಚಾಲ್ತಿಗೆ ತಂದ ಸಾಂತ್-ಎತಿಯೆನ್‌ನ ಪಾಲ್ ದ ವಿವಿ ನೂರು ವರ್ಷಕ್ಕೂ ಹಿಂದೆಯೇ ಹೇಳಿದ್ದರು, ಹಸಿವಾಗುವ ಮೊದಲು ತಿನ್ನಿ, ಬಾಯಾರುವ ಮೊದಲು ಕುಡಿಯಿರಿ ಅಂತ. ನೀರಿಗೆ ಸ್ಮಶಾನಕ್ಕೆ ಹೋಗಿ. ತಮಾಷೆ ಅಲ್ಲ, ಗೋರಿಯ ಹೂಗಿಡಗಳಿಗೆ ನೀರು ಹಾಕಲು ಅಲ್ಲಿ ನಲ್ಲಿ ಇರುತ್ತದೆ. ಫ್ರಾನ್ಸಿನ ಸೈಕಲ್ ಮಂದಿಯೆಲ್ಲ ಅಲ್ಲೇ ಬಾಟಲಿ ತುಂಬಿಕೊಳ್ಳೋದು. ಕುಡಿಯಲು ಯೋಗ್ಯವಲ್ಲ ಅನ್ನುವ ಫಲಕ ಇಲ್ಲ ಅಂತ ನೋಡಿಕೊಳ್ಳಿ. ಸಸ್ಯಾಹಾರಿಗಳು ಬ್ರೆಡ್, ಚೀಸ್, ಟೊಮೆಟೊ, ಹಣ್ಣಿನ ಮೇಲೆ ದಿನ ದೂಡಬಹುದು. ಚಟ್ನಿಪುಡಿ ಒಯ್ಯಿರಿ, ಮೇಕೆ ಹಾಲಿನ ಚೀಸ್ ಜೊತೆ ಅದ್ಭುತ.

ಬೆಂಗಳೂರಿನ ದೂರದೋಟದ ಸೈಕ್ಲಿಸ್ಟುಗಳು ಯಾರಾದರೂ ಗೊತ್ತಿದ್ದರೆ ಅವರನ್ನೂ ಕೇಳಿ ನೋಡಿ. ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್‌ಗೆ ಇಲ್ಲಿಂದಲೂ ಜನ ಹೋಗುತ್ತಾರೆ. ಸುಮಾರು 1,200 ಕಿ.ಮೀ., 90 ಗಂಟೆ, ದಾರಿ ಬಹುಪಾಲು ಇಂಥ ಜಿಲ್ಲಾ ರಸ್ತೆಗಳೇ. ಹಳ್ಳಿಯವರು ನಡುರಾತ್ರಿ ಮನೆ ಮುಂದೆ ಮೇಜು ಹಾಕಿ ಕಾಫಿ ಕೊಟ್ಟ ಕಥೆ ಅವರ ಬಾಯಲ್ಲೇ ಕೇಳಬೇಕು.

ನನಗೆ ಎರಡು ವಾರ ಸಿಕ್ಕರೆ ಪ್ಯಾರಿಸ್‌ನಿಂದ ಲಿಮೋಜ್ ಕಡೆಯ ರೈಲು ಹತ್ತಿ ಕ್ರೂಜ್‌ನ ಲಾ ಸೂತೆರೇನ್‌ನಲ್ಲಿ ಇಳಿಯುತ್ತೇನೆ. ಈ ರೈಲಿನಲ್ಲಿ ಸೈಕಲ್‌ಗೆ ಮೊದಲೇ ಸೀಟು ಕಾದಿರಿಸಬೇಕು. ಸ್ಥಳೀಯ ರೈಲುಗಳಲ್ಲಿ ಎಷ್ಟೋ ಕಡೆ ಸುಮ್ನೆ ಹತ್ತಿಸಬಹುದು. ಅಲ್ಲಿಂದ ಗೆರೆ ಅನ್ನುವ ಊರು, ಚಿತ್ರಗಂಬಳಿಗೆ ಹೆಸರಾದ ಓಬ್ಯೂಸೋಂ, ಆಮೇಲೆ ದಕ್ಷಿಣಕ್ಕೆ ಗುಡ್ಡಗಳ ಕಡೆ. ದಿನಕ್ಕೆ ಐವತ್ತು ಕಿಲೋಮೀಟರ್ ಸಾಕು. ರಾತ್ರಿಗೆ ಊರಿನವರೇ ನಡೆಸುವ ಕ್ಯಾಂಪಿಂಗ್ ಜಾಗ. ಮತ್ತೆ, ಸೋಮವಾರದ ಬ್ರೆಡ್ ಭಾನುವಾರ ಬೆಳಿಗ್ಗೆಯೇ ತಗೊಂಡಿಡಿ. ಮಧ್ಯಾಹ್ನದ ಮೇಲೆ ಅಂದರೆ ಅದೂ ಸಿಗಲ್ಲ.